ಆಲ್ಡರ್‌ವಿಕ್‌ನ ಮೂರನೇ ಕಂಬ

ಇಂಗ್ಲೆಂಡಿನ ಆಲ್ಡರ್‌ವಿಕ್ ಎಂಬ ಪುಟ್ಟ ಸಂತೆಯೂರನ್ನು ನಾನು ಕಂಡವಳೇ ಅಲ್ಲ. ಆದರೂ ಅಲ್ಲಿನ ಚರ್ಚಿನ ಗೋಪುರ, ಹಳೇ ಧಾನ್ಯಪೇಟೆ, ನಾನೂರು ವರ್ಷದ ಮರದ ಮಾರ್ಕೆಟ್ ಹಾಲ್, ಎಲ್ಲದರ ಅಳತೆಯೂ ನನಗೆ ಬಾಯಿಪಾಠ. ಅಲ್ಲಿಂದ ಕಟ್ಟಡಗಳ ಸ್ಕ್ಯಾನ್ ಬರುತ್ತದೆ, ಸಿಂಗಪುರದ ತಂಜಾಂಗ್ ಪಗಾರ್‌ನ ಆಫೀಸಿನಲ್ಲಿ ಕೂತು ನಾನು ನಕ್ಷೆ ಬರೆಯುತ್ತೇನೆ, ಅದನ್ನು ನೋಡಿ ಅಲ್ಲಿನ ಬಡಗಿಗಳು ರಿಪೇರಿ ಮಾಡುತ್ತಾರೆ.

ಅಪ್ಪ ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿದ್ದವರು. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಗೋಡೆ ಕೂದಲೆಳೆಯಷ್ಟು ವಾಲಿದ್ದರೂ ಕೆಡವಿಸುತ್ತಿದ್ದರು. ಅವರ ಮಗಳಲ್ಲವೇ ನಾನು! ಹಾಲ್‌ನ ಮೂರನೇ ಕಂಬ ವಾಲಿದ್ದು ಕಂಡು, ಸ್ಕ್ಯಾನಿನದೇ ತಪ್ಪು ಅಂದುಕೊಂಡು ನಕ್ಷೆಯಲ್ಲಿ ನೆಟ್ಟಗೆ ಮಾಡಿಬಿಟ್ಟಿದ್ದೆ. ನಕ್ಷೆ ನಿನ್ನೆಯೇ ಪಾಸಾಗಿತ್ತು.

ಇವತ್ತು ಆ ಊರಿನವರ ಜೊತೆ ಸಂಜೆ ನಾಲ್ಕರ ವಿಡಿಯೊ ಮೀಟಿಂಗಿಗೆ ಹತ್ತು ನಿಮಿಷವಿತ್ತು. ಊರಿನವರು ಕಳಿಸಿದ್ದ ಹಳೇ ಫೋಟೊ ಸುಮ್ಮನೆ ತೆರೆದೆ. ಬೆಣ್ಣೆ ಮಾರುವ ಹೆಂಗಸರ ಹಿಂದೆ ಅದೇ ಕಂಬ, ಅದೇ ವಾಲು. ಮೇಲಿನ ತೊಲೆಯನ್ನೂ ಆ ವಾಲಿಗೆ ತಕ್ಕಂತೆ ಕೂಡಿಸಿದ್ದರು. ಕಂಬ ನೆಟ್ಟಗೆ ಮಾಡಿದರೆ ತೊಲೆ ಸೀಳುತ್ತದೆ. ತಪ್ಪು ಸ್ಕ್ಯಾನಿನದಲ್ಲ, ನನ್ನದು.

ಎದ್ದೆ, ಕೂತೆ, ನೀರು ಕುಡಿದೆ, ಮತ್ತೆ ಎದ್ದೆ. ಬಾಯಿ ಮುಚ್ಚಿಕೊಂಡಿದ್ದರೆ, ತೊಲೆ ಹಳೇದು, ತಾನಾಗಿ ಸೀಳಿತು ಅನ್ನುತ್ತಾರೆ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಗಂಡ ಪ್ರಕಾಶನಿಗೆ ಆರು ತಿಂಗಳಿಂದ ಕೆಲಸವಿಲ್ಲ. ಅವನು, ಮಗಳು ಧೃತಿ, ಇಬ್ಬರೂ ಈ ದೇಶದಲ್ಲಿರುವುದು ನನ್ನ ಕೆಲಸದ ಪಾಸಿನ, ಅಂದರೆ ವೀಸಾದ, ಮೇಲೆ. ಭಯವಾಯಿತು, ನಾಚಿಕೆಯೂ ಆಯಿತು.

ಮೀಟಿಂಗಿನಲ್ಲಿ ಹೇಳಿಬಿಟ್ಟೆ.

ಪರದೆಯ ಮೇಲಿದ್ದ ಮುದಿ ಬಡಗಿ ಟೋಪಿ ತೆಗೆದ. "ಜಾಕ್ ಕೂಡಿಸಿ ಆಗಿದೆಯಮ್ಮ. ಟೀ ಕುಡಿದು ಬಂದು ಕಂಬ ಎತ್ತಿ ನೆಟ್ಟಗೆ ಮಾಡುವವರಿದ್ದೆವು," ಎಂದು ಇಂಗ್ಲಿಷಿನಲ್ಲಿ ಹೇಳಿ, ಹುಡುಗರನ್ನು ತಡೆಯಲು ಓಡಿದ.

ಕಾಲ್ ಕಟ್ ಆದಮೇಲೆ ಬಾಸ್ ಹರ್ಷವರ್ಧನ್ ಬಾಗಿಲು ಹಾಕಿದರು. "ಇರಲಾರದೆ ಇರುವೆ ಬಿಟ್ಕೊಂಡ್ರಲ್ಲ ಪದ್ಮಜಾ! ಕ್ಲೈಂಟ್ ಎದುರಿಗೇ ಹೇಳ್ಬೇಕಿತ್ತಾ? ಮುಂದಿನ ತಿಂಗಳು ನಿಮ್ಮ ಪಾಸ್ ರಿನ್ಯೂ ಮಾಡ್ಸೋದು ನನ್ನ ಕೈಲಿ ಆಗಲ್ಲ. ಸಾರಿ."

ಎಂಆರ್‌ಟಿ ಮೆಟ್ರೋ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಪ್ರಕಾಶನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಬೈಯುತ್ತಾನೆಂದು ಕಾದೆ, ಬೈಯಲಿಲ್ಲ.

"ಕಂಬಕ್ಕೇನೂ ಆಗ್ಲಿಲ್ವಲ್ಲ?" ಅಂದ.

"ಇಲ್ಲ. ಹಾಗೇ ನಿಂತಿದೆ."

"ಒಳ್ಳೇದಾಯ್ತು ಬಿಡು," ಅಂದು, ಕೇಳಿದ, "ಊರಿಗೆ ವಾಪಸ್ ಹೋಗೋ ವಿಷ್ಯ ಧೃತಿಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?"