ಜಾಲರಿ ಇಲ್ಲದ ಸ್ಟಾರ್ಟರ್

ಟಿಕ್.

ಕೆಳಗಿನ ವರ್ಕ್‌ಶಾಪಿನಿಂದ ಬಂದ ಸದ್ದು. ಇನ್ನೂ ನಾಲ್ಕಾಗಿರಲಿಲ್ಲ, ಹೊರಗೆ ಕಗ್ಗತ್ತಲು. ಬಿಡಿಭಾಗ ತರಲು ಹೋಗಿದ್ದ ಗಂಡ ಆಗಷ್ಟೇ ವಾಪಸಾಗಿದ್ದ. ಅವಳು ನೀರಿನ ಲೋಟ ಹಿಡಿದು ಇಳಿದು ಹೋದಳು.

"ದೀಪ ಹಾಕ್ಬೇಡ, ಇಲ್ನೋಡು."

ಬೆಂಚಿನ ಮೇಲೆ ಯಾವುದೋ ಕಾರಿನ ಸ್ಟಾರ್ಟರ್, ಎಂಜಿನ್ ಚಾಲೂ ಮಾಡುವ ಮೋಟರು. ಗಂಡ ಬ್ಯಾಟರಿಯ ತಂತಿ ಮುಟ್ಟಿಸಿದ. ಟಿಕ್. ಮೋಟರು ತಿರುಗಿತು, ಅದರ ಕಿಂಡಿಯೊಳಗೆ ನೀಲಿ ಕಿಡಿಗಳು ಸುತ್ತಿದವು.

"ಚೆನ್ನಾಗಿದೆ ಅಲ್ವಾ? ಇದನ್ನ ದೋಣಿಗೆ ಹಾಕಿದ್ರೆ ಮುಗೀತು ಕತೆ."

"ಯಾಕ್ರೀ? ಎಂಜಿನ್ ಎರಡಕ್ಕೂ ಒಂದೇ ಅಂತಿದ್ರಿ?"

"ಎಂಜಿನ್ ಒಂದೇ ಕಣೇ. ಕಾರಲ್ಲಿ ಪೆಟ್ರೋಲ್ ಆವಿ ಅಡಿಯಿಂದ ಹೊರಗೆ ಹೋಗತ್ತೆ. ದೋಣಿ ಹೊಟ್ಟೆ ಮುಚ್ಚಿದ ಪೆಟ್ಟಿಗೆ, ಆವಿ ತಳದಲ್ಲೇ ಕೂತಿರತ್ತೆ. ಒಂದು ಕಿಡಿ ಸಾಕು. ಅದಕ್ಕೇ ದೋಣಿ ಸ್ಟಾರ್ಟರ್‌ಗೆ ಜಾಲರಿ ಹಾಕಿ ಮುಚ್ಚಿರ್ತಾರೆ. ಡಿಗ್ರಿ ಮಾಡ್ದೋಳಿಗೆ ಇಷ್ಟೂ ಗೊತ್ತಿಲ್ವಾ?"

ಜಾಲರಿ ಧೂಳಿಗೆಂದುಕೊಂಡಿದ್ದಳು ಅವಳು.

ಹಿಂದಿನ ಸಂಜೆ ಅವಳ ತಮ್ಮ ಬಂದಿದ್ದ, ದೋಣಿಯ ಸುಟ್ಟುಹೋದ ಸ್ಟಾರ್ಟರ್ ಹಿಡಿದುಕೊಂಡು. ಜನರನ್ನು ಆಚೆ ದಡಕ್ಕೆ ದಾಟಿಸುವುದು ಅವನ ಕೆಲಸ. ದೋಣಿಯದು ವರ್ಕ್‌ಶಾಪಿನಲ್ಲಿ ಮುಗಿದಿತ್ತು, ಕಾರಿನದು ಒಂದಿತ್ತು. ಅವಳು ಎರಡನ್ನೂ ಪಕ್ಕಪಕ್ಕ ಇಟ್ಟು ಗೇರಿನ ಹಲ್ಲು ಎಣಿಸಿದಳು, ಬೋಲ್ಟಿನ ತೂತುಗಳ ಅಂತರ ಅಳೆದಳು, ತಿರುಗುವ ದಿಕ್ಕು ನೋಡಿದಳು. ಎಲ್ಲವೂ ಎರಡೆರಡು ಸಲ.

"ಭಾವ ಬರ್ಲಿ, ಒಂದ್ಮಾತು ಕೇಳೋಣ್ವಾ?" ಎಂದಿದ್ದ ತಮ್ಮ.

"ಅಳೆದಿದೀನಲ್ಲೋ."

"ಹಾಗಾದ್ರೆ ಸರಿ. ಅಕ್ಕ ಅಳೆದ ಮೇಲೆ ಮುಗೀತು," ಎಂದು ಕಾರಿನದನ್ನೇ ಹಿಡಿದು ಹೋಗಿದ್ದ.

ಮೊದಲ ದೋಣಿ ನಾಲ್ಕೂವರೆಗೆ. ಈಗ ತಮ್ಮನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಗಂಡ ಕೈ ತೊಳೆಯಲು ಹೋದಾಗ, ಅವನು ತಂದ ಪೆಟ್ಟಿಗೆಯಿಂದ ದೋಣಿಯ ಹೊಸ ಸ್ಟಾರ್ಟರ್ ಒಂದನ್ನು ತೆಗೆದು ಬುತ್ತಿಚೀಲಕ್ಕೆ ತುರುಕಿದಳು.

"ತಮ್ಮನಿಗೆ ಡಬ್ಬಿ ಕೊಟ್ಟು ಬರ್ತೀನಿ ರೀ," ಎಂದು ಕೂಗಿ ಸ್ಕೂಟರ್ ಹತ್ತಿದಳು. ನಿಜ ಹೇಳಲು ಬಾಯಿ ಬರಲಿಲ್ಲ.

ದಾರಿಯುದ್ದಕ್ಕೂ ಅವಳ ಕಿವಿ ನೀರಿನ ಕಡೆಗೇ ಇತ್ತು. ಒಂದು ಸ್ಫೋಟ ಕೇಳಿಸಿದರೆ? ಕೇಳಿಸಿದ ಮೇಲೆ ಬ್ರೇಕ್ ಹಾಕುವುದೋ, ಹಾಕದಿರುವುದೋ?

ಅವಳು ದಡ ಮುಟ್ಟುವಾಗ ದೋಣಿಯಲ್ಲಿ ಎಂಟು ಜನ ಆಗಲೇ ಕೂತಿದ್ದರು. ಅಜ್ಜಿಯೊಬ್ಬಳ ತೊಡೆಯ ಮೇಲೆ ಮಗು ಮಲಗಿತ್ತು. ಎಂಜಿನ್ನಿನ ಮುಚ್ಚಳ ಮುಚ್ಚಿತ್ತು. ತಮ್ಮ ಖಾಲಿ ಪೆಟ್ರೋಲ್ ಕ್ಯಾನು ಬದಿಗಿಟ್ಟು ಕೀಲಿ ತೂರಿಸುತ್ತಿದ್ದ.

ಅವಳು ದೋಣಿಗೆ ಹಾರಿ ಅವನ ಕೈಯಿಂದ ಕೀಲಿ ಕಿತ್ತುಕೊಂಡಳು. ಅದು ಕೈಜಾರಿ ನೀರಿಗೆ ಬಿತ್ತು.

"ಅಕ್ಕಾ! ತಲೆ ನೆಟ್ಟಗಿದ್ಯಾ?"

"ಈಜ್ಕೊಂಡೇ ಹೋಗ್ತೀವಿ ಬಿಡಮ್ಮ," ಎಂದರು ಯಾರೋ.

"ಮುಚ್ಚಳ ತೆಗೀ. ಮೊದಲು ಎಲ್ಲರನ್ನೂ ಇಳಿಸು."

ಗೊಣಗುತ್ತಲೇ ಎಲ್ಲರನ್ನೂ ಇಳಿಸಿ ಮುಚ್ಚಳ ಎತ್ತಿದವನು ಹಿಂದೆ ಸರಿದ. ಪೆಟ್ರೋಲ್ ವಾಸನೆ ಮುಖಕ್ಕೆ ಹೊಡೆಯಿತು. ಪೈಪಿನ ಜೋಡಣೆ ಸಡಿಲವಾಗಿ ತೊಟ್ಟಿಕ್ಕುತ್ತಿತ್ತು.

"ಸೋರ್ತಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತು?" ಅವನ ದನಿ ಇಳಿದಿತ್ತು.

ಅವಳು ಚೀಲ ಅವನ ಮುಂದಿಟ್ಟಳು. "ಭಾವ ಹೊಸದು ತಂದಿದಾರೆ. ಇದನ್ನೇ ಹಾಕ್ಬಿಡು."

ಅವನು ಯಾಕೆಂದು ಕೇಳಲಿಲ್ಲ. ಪೈಪು ಬಿಗಿಸಿ, ತಳ ಒರೆಸಿ, ಗಾಳಿಯಾಡಲು ಬಿಟ್ಟು, ಸ್ಟಾರ್ಟರ್ ಬದಲಿಸಿ, ಮನೆಯಿಂದ ಇನ್ನೊಂದು ಕೀಲಿ ತರಿಸುವಷ್ಟರಲ್ಲಿ ಬೆಳಗಾಯಿತು. "ನಮ್ಮಕ್ಕ ಮನೇಲೇ ಕೂತು ಪೆಟ್ರೋಲ್ ಮೂಸ್ತಾಳೆ," ಎಂದು ಬಂದವರಿಗೆಲ್ಲ ಹೇಳಿದ. ಅಜ್ಜಿ ಅವಳ ಎರಡೂ ಕೈ ಹಿಡಿದುಕೊಂಡಳು. ಅವಳಿಗೆ ಆ ಕೈಗಳನ್ನು ಬಿಡಿಸಿಕೊಂಡರೆ ಸಾಕಾಗಿತ್ತು.

ವಾಪಸು ಬಂದು, ದೋಣಿಯಿಂದ ಬಿಚ್ಚಿ ತಂದ ಕಾರಿನ ಸ್ಟಾರ್ಟರನ್ನು ಒರೆಸಿ, ಕಪಾಟಿನಲ್ಲಿ ಅದಿದ್ದ ಜಾಗದಲ್ಲೇ ಇಟ್ಟಳು.

"ಡಬ್ಬಿ ಕೊಡೋಕೆ ಇಷ್ಟು ಹೊತ್ತಾ?" ಎಂದ ಗಂಡ.

"ಸ್ಟಾರ್ಟರ್ ಹೋಗಿತ್ತಂತೆ. ಒಂದು ಕೊಟ್ಟು ಬಂದೆ."

"ಜಾಲರಿ ಇರೋದು ತಾನೆ?"

"ಹೂಂ."

ಈ ವಿಷಯದಲ್ಲಿ ಅದೇ ತನ್ನ ಕೊನೆಯ ಮಾತು, ಗಂಡನಿಗಾಗಲಿ, ತಮ್ಮನಿಗಾಗಲಿ, ಯಾರಿಗೂ ಇನ್ನೇನೂ ಹೇಳುವುದಿಲ್ಲವೆಂದು ಅವಳು ಕಪಾಟಿನ ಮುಂದೆ ನಿಂತೇ ತೀರ್ಮಾನಿಸಿದಳು.