ನಿಲ್ಲದ ಗೊಂಬೆ

ಕುಮಟೆಯ ಆ ಸೀರೆ ಅಂಗಡಿಯಲ್ಲಿ ಕೆಲಸದ ಹೆಣ್ಣುಮಕ್ಕಳು ಕೂರುವ ಹಾಗಿರಲಿಲ್ಲ. ಗಿರಾಕಿ ಇರಲಿ, ಇಲ್ಲದಿರಲಿ, ಬೆಳಿಗ್ಗೆ ಶಟರು ಎತ್ತಿದಾಗ ನಿಂತವರು ಸಂಜೆ ಶಟರು ಎಳೆಯುವ ತನಕ ನಿಂತೇ ಇರಬೇಕು. ಕೂತರೆ ಅಂಗಡಿಗೆ ಕಳೆ ಇರುವುದಿಲ್ಲವಂತೆ. ಈ ಕಳೆಯ ಕತೆ ಹೇಳುತ್ತಿದ್ದ ಮಾಲಕ ಸಂಜಯ ಮಾತ್ರ ಗಲ್ಲಾಪೆಟ್ಟಿಗೆಯ ಹಿಂದೆ ಮೆತ್ತನೆಯ ತಿರುಗುಕುರ್ಚಿಯಲ್ಲಿ ಕೂತು, ಅರ್ಧ ಸುತ್ತು ಆಚೆಗೆ, ಅರ್ಧ ಸುತ್ತು ಈಚೆಗೆ ತಿರುಗುತ್ತಿದ್ದ.

ಮಿರ್ಜಾನದ ಪವಿತ್ರಾ ಮತ್ತು ಹೊನ್ನಾವರದ ನಾಗು ಅಲ್ಲಿ ಜೋಡಿ. ಒಬ್ಬಳು ಸೀರೆ ಬಿಚ್ಚಿದರೆ ಇನ್ನೊಬ್ಬಳು ಮಡಿಸಬೇಕು. ಮಧ್ಯಾಹ್ನ ಶಟರು ಅರ್ಧ ಇಳಿದಾಗ ಇಬ್ಬರೂ ಮಹಡಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು ಊಟದ ಡಬ್ಬಿ ತೆರೆಯುತ್ತಿದ್ದರು.

ಆ ಆಟ ಪವಿತ್ರಾಳ ಮೊಬೈಲಿಗೆ ಬಂದದ್ದು ಇಂಥದೇ ಒಂದು ಊಟದ ಹೊತ್ತಿನಲ್ಲಿ. ಗೆಲ್ಲುವುದು, ಸೋಲುವುದು ಏನೂ ಇಲ್ಲದ ಆಟ. ಒಂದು ಖಾಲಿ ಬಯಲು, ಹಲಗೆ, ಹಗ್ಗ, ಚಕ್ರ, ಮೊಳೆ, ಜೊತೆಗೆ ಎಲುಬೇ ಇಲ್ಲದ ಗೊಂಬೆಗಳು. ನೀವೇ ಮೆಟ್ಟಿಲು ಕಟ್ಟಿ, ನೀವೇ ಗೊಂಬೆಯನ್ನು ಹತ್ತಿಸಿ, ನೀವೇ ದೂಡಿ. ಅದು ಕೈಕಾಲು ಚೆಲ್ಲಿ ಉರುಳುತ್ತದೆ. ಗುಂಡಿ ಒತ್ತಿದರೆ ಒಂದು ಗಾಯವೂ ಇಲ್ಲದೆ ಇದ್ದಲ್ಲಿಗೇ ವಾಪಸು. ಏನು ಮಾಡಿದರೂ ನಿಲ್ಲಲೊಲ್ಲದ ಆ ಗೊಂಬೆಗಳ ಮೇಲೆ, ದಿನವಿಡೀ ನಿಂತು ಕಾಲು ಕಂಬವಾದ ಇವರಿಬ್ಬರಿಗೆ ಎಂಥ ಪ್ರೀತಿ ಬಂತೆಂದು ಕೂತು ಕೆಲಸ ಮಾಡುವವರಿಗೆ ಹೇಳಿ ತಿಳಿಸುವುದು ಕಷ್ಟ.

ಸಿಟ್ಟು ಬರಿಸುವುದರಲ್ಲೂ ಆಟ ಹಿಂದೆ ಬೀಳುತ್ತಿರಲಿಲ್ಲ. ಸರಿಯಾಗಿ ಗೊಂಬೆ ಬೀಳುವ ಹೊತ್ತಿಗೆ ಜಾಹೀರಾತು ಬರುತ್ತಿತ್ತು. ಹಲಗೆ ಹಲಗೆ ಜೋಡಿಸಿ ಆಟದಲ್ಲಿ ಕಟ್ಟಿದ ಶರಾವತಿ ಸೇತುವೆ ಒಂದು ಅಪ್‌ಡೇಟಿಗೆ ಮಂಗಮಾಯ. ಗೊಂಬೆಯನ್ನು ನಿಲ್ಲಿಸಲಂತೂ ಇಬ್ಬರೂ ವಾರಗಟ್ಟಲೆ ಹೆಣಗಿದ್ದರು. ಗೋಡೆಗೆ ಆನಿಸಿದರು, ಹಲಗೆಗಳ ನಡುವೆ ಸಿಕ್ಕಿಸಿದರು. ಅದು ಮೊಣಕಾಲು ಮಡಚಿ ಕುಸಿದೇ ಕುಸಿಯಿತು. ಕೊನೆಗೆ ಉಪಾಯ ಕಂಡುಹಿಡಿದವಳು ನಾಗು. ನೆತ್ತಿಗೊಂದು ಮೊಳೆ ಹೊಡೆದು ಗೊಂಬೆಯನ್ನು ಗಾಳಿಗೇ ಜಡಿದುಬಿಟ್ಟಳು. ಗೊಂಬೆ ತೂಗಾಡುತ್ತ ನಿಂತಿತು.

"ನೋಡೆ, ಇದು ನಾವೇ" ಎಂದಳು ನಾಗು. ನಕ್ಕು ನಕ್ಕು ಪವಿತ್ರಾಳ ಕಣ್ಣಲ್ಲಿ ನೀರು ಬಂತು.

ಸಂಜಯನ ಗೊಂಬೆ ಮಾಡುವ ಯೋಚನೆಯೂ ನಾಗುವಿನದೇ. ಪವಿತ್ರಾ ಹೊಟ್ಟೆ ದಪ್ಪ ಮಾಡಿದಳು, ನಾಗು ಮೀಸೆ ಬರೆದು ಚೌಕುಳಿ ಅಂಗಿ ತೊಡಿಸಿದಳು. ಅಂಗಡಿಯ ಮಹಡಿ ಮೆಟ್ಟಿಲನ್ನೂ ಇದ್ದ ಹಾಗೇ ಕಟ್ಟಿದರು. ಮೇಲಿಂದ ದೂಡಿದರೆ ಗೊಂಬೆ ಸಂಜಯ ಪಲ್ಟಿ ಹೊಡೆಯುತ್ತ ಬಂದು ಗಲ್ಲಾಪೆಟ್ಟಿಗೆಗೆ ಬಡಿದು ಬೀಳುತ್ತಿದ್ದ. ಬೈಸಿಕೊಂಡ ದಿನಗಳೂ ಆಮೇಲೆ ಹಗುರಾದವು. ಗಿರಾಕಿ ಸೀರೆ ಕೊಳ್ಳದೆ ಎದ್ದು ಹೋದದ್ದಕ್ಕೆ ಸಂಜಯ ಕೂಗಾಡಿದರೆ, ನಾಗು ಪಕ್ಕದಲ್ಲಿ ಬಂದು, "ತಡಿ, ಊಟಕ್ಕೆ ಬಿಡ್ಲಿ, ದೂಡ್ವ" ಎಂದು ಪಿಸುಗುಟ್ಟುತ್ತಿದ್ದಳು.

ಹೀಗಿರುವಾಗ ಸಂಜಯ ನಿಜವಾಗಿಯೂ ಬಿದ್ದ. ಸೀರೆಯ ಗಂಟು ಇಳಿಸುವಾಗ ಅದೇ ಮೆಟ್ಟಿಲಲ್ಲಿ ಜಾರಿ ಕಾಲಿನ ಎಲುಬು ಮುರಿದುಕೊಂಡ. ಅವನ ತಾಯಿ ಮಂಗಲಮ್ಮ ಗೇರುಸೊಪ್ಪದ ಕಡೆ ಕವಡೆ ಹಾಕಿ ಕಾರಣ ಹೇಳುವ ಒಬ್ಬರಲ್ಲಿಗೆ ಹೋಗಿ ನೋಟ ಕೇಳಿ ಬಂದರು. ಅಂಗಡಿಯೊಳಗಿನವರದೇ ಕೈವಾಡ ಎಂದು ನೋಟದಲ್ಲಿ ಬಂದಿತ್ತು. ಕೆಡವಿದ ಕೈಯೇ ಎಬ್ಬಿಸಿ ನಿಲ್ಲಿಸಬೇಕು, ಇಲ್ಲದಿದ್ದರೆ ಎಲುಬು ಕೂಡುವುದಿಲ್ಲ ಎಂದೂ ಹೇಳಿದ್ದರು.

ಮಂಗಲಮ್ಮ ಅಂಗಡಿಗೆ ಬಂದು ಒಬ್ಬೊಬ್ಬರನ್ನೇ ಮಹಡಿಗೆ ಕರೆಸಿ ವಿಚಾರಿಸತೊಡಗಿದರು. ಮೊದಲು ಹೋದವಳು ನಾಗು. ಇಳಿದು ಬಂದವಳು ಪವಿತ್ರಾಳ ಮುಖ ನೋಡದೆ ಸೀರೆ ಮಡಿಸುತ್ತ ನಿಂತಳು. ಆಗಲೂ ಪವಿತ್ರಾಳಿಗೆ ಏನೂ ಹೊಳೆಯಲಿಲ್ಲ. ಪಾಪ, ಇವಳಿಗೆ ಚೆನ್ನಾಗಿ ಬೈದಿರಬೇಕು ಎಂದುಕೊಂಡಳು.

ಎರಡನೆಯವರನ್ನು ಕರೆಯದೆ ಮಂಗಲಮ್ಮ ತಾವೇ ಕೆಳಗಿಳಿದರು. ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡ ಸಂಜಯ ಕುರ್ಚಿಯಲ್ಲಿದ್ದ.

"ಪವಿತ್ರಾ, ಮೊಬೈಲ ತೆಗಿ. ನನ್ನ ಮಗನ ಗೊಂಬೆ ಮಾಡಿ ದೂಡ್ತೆ ಅಂತಲ."

ಪವಿತ್ರಾ ಮೊಬೈಲು ತೆಗೆದಳು. ಮೆಟ್ಟಿಲ ಕೆಳಗಿನ ಆ ಸಂದಿಯಲ್ಲಿ ಕೂರುತ್ತಿದ್ದವರು ಇಬ್ಬರೇ. ಯಾರು ಹೇಳಿದರು ಎಂದು ಕೇಳುವ ಅಗತ್ಯವೇ ಇರಲಿಲ್ಲ.

"ಅದು ಬರೀ ಆಟ ಅಮ್ಮ. ಮಕ್ಕಳೂ ಆಡ್ತ್ರು."

"ಆಟ ಆದ್ರೆ ಗೊಂಬೆ ಎಬ್ಸಿ ನಿಲ್ಸು. ಎಂತಕೆ ಹೆದರ್ತೆ?"

ಕೆಲಸ ಹೋದರೆ ಇನ್ನೊಂದು ಅಂಗಡಿ ಸಿಕ್ಕೀತು. ಆದರೆ ಮಾಟ ಮಾಡಿದವಳೆಂಬ ಮಾತು ಒಮ್ಮೆ ಬಸ್ಸು ಹತ್ತಿ ಮಿರ್ಜಾನ ಸೇರಿತೆಂದರೆ ಅವಳ ಮನೆಯ ಹೊಸಿಲು ತುಳಿಯುವವರಿರಲಿಲ್ಲ. ಪವಿತ್ರಾ ಬೆರಳಲ್ಲಿ ಗೊಂಬೆಯನ್ನು ಎತ್ತಿ ಹಿಡಿದಳು. ಬಿಟ್ಟ ಕೂಡಲೇ ಕುಸಿಯಿತು. ಮತ್ತೆ ಎತ್ತಿದಳು. ಅಷ್ಟರಲ್ಲಿ ಜಾಹೀರಾತು ಬಂದು ಯಾವಳೋ ಒಬ್ಬಳು ಕುಣಿಯುತ್ತ ಕೂದಲಿಗೆ ಎಣ್ಣೆ ಹಚ್ಚಿಕೊಂಡಳು. ಮಂಗಲಮ್ಮ ಅದನ್ನೂ ಅನುಮಾನದಿಂದಲೇ ನೋಡಿದರು. ಜಾಹೀರಾತು ಹೋದ ಮೇಲೆ ಗೊಂಬೆ ಇನ್ನೊಮ್ಮೆ ಬಿತ್ತು.

ಉಳಿದದ್ದು ಮೊಳೆ ಒಂದೇ. ಮಗನ ಗೊಂಬೆಯ ನೆತ್ತಿಗೆ ತಾಯಿಯ ಕಣ್ಣೆದುರೇ ಮೊಳೆ ಹೊಡೆದರೆ ಆಮೇಲೆ ಯಾವ ದೇವರು ಬಂದು ಹೇಳಿದರೂ ಯಾರೂ ನಂಬುವುದಿಲ್ಲ. ಮೊಳೆಯಿಲ್ಲದೆ ಗೊಂಬೆ ನಿಲ್ಲುವುದಿಲ್ಲ ಎಂದು ಗೊತ್ತಿದ್ದವಳು ಇನ್ನೊಬ್ಬಳೇ.

"ನಾಗು, ನೀನಾದ್ರೂ ಹೇಳೆ. ಮೀಸೆ ಯಾರು ಬರ್ದದ್ದು ಅಂತ ಹೇಳುದು ಬೇಡ. ಇದು ತನ್ನಷ್ಟಕ್ಕೆ ನಿಲ್ಲುದಿಲ್ಲ, ಅಷ್ಟೇ ಹೇಳು."

ನಾಗು ಮಡಿಸಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ನಂಗೆ ಆ ಆಟ ಎಂತದೂ ಗೊತ್ತಿಲ್ಲ. ಇವ್ಳು ಆಡುದ ದೂರದಿಂದ ಕಂಡದ್ದು, ಅಷ್ಟೇ."

ಮಂಗಲಮ್ಮನ ಮಾತು ಅಷ್ಟು ನೋಯಿಸಿರಲಿಲ್ಲ. ಅವರು ತಾಯಿ, ಮಗನ ಕಾಲಿನ ಭಯ ಅವರದು. ಒಂದೇ ಡಬ್ಬಿಯಲ್ಲಿ ಕೈಯಿಟ್ಟು ಉಂಡವಳು ಇಷ್ಟು ತಣ್ಣಗೆ ಕೈಕೊಟ್ಟದ್ದು ಪವಿತ್ರಾಳಿಗೆ ತಡೆಯಲಾಗಲಿಲ್ಲ. ಬರಬೇಕಿದ್ದ ಅಳು ಸಿಟ್ಟಾಯಿತು.

ಗೊಂಬೆಯನ್ನು ಎತ್ತಿದಳು, ನೆತ್ತಿಗೆ ಮೊಳೆ ಹೊಡೆದಳು. ಗೊಂಬೆ ತೂಗಾಡುತ್ತ ನಿಂತಿತು.

ಮಂಗಲಮ್ಮ ಎರಡು ಹೆಜ್ಜೆ ಹಿಂದೆ ಸರಿದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಂಜಯ ತನಗರಿವಿಲ್ಲದೆ ತಲೆ ಮುಟ್ಟಿ ನೋಡಿಕೊಂಡ.

"ನಿಲ್ಸು ಅಂದ್ರಿ, ನಿಲ್ಸಿದೆ" ಎಂದಳು ಪವಿತ್ರಾ.

"ಹೋಗು. ಇನ್ನು ಈ ಬದಿ ಬರಬೇಡ" ಎಂದರು ಮಂಗಲಮ್ಮ, ಸೆರಗಿನೊಳಗಿಂದಲೇ.

ಪವಿತ್ರಾ ಬಾಗಿಲಿಗೆ ಹೋಗಲಿಲ್ಲ. ಗಿರಾಕಿಗಳು ಕೂತು ಸೀರೆ ನೋಡುವ ಬಿಳಿ ಗಾದಿಯ ಹತ್ತಿರ ಹೋಗಿ, ಅದರ ಮಧ್ಯದಲ್ಲಿ ಕಾಲು ಚಾಚಿ ಕೂತಳು. ಗಾದಿ ಇಷ್ಟು ಮೆತ್ತಗಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಎಬ್ಬಿಸಲು ಯಾರೂ ಮುಂದೆ ಬರಲಿಲ್ಲ. ಮೊಳೆ ಹೊಡೆದವಳ ಹತ್ತಿರ ಹೋಗುವುದಕ್ಕೂ ಧೈರ್ಯ ಬೇಕಿತ್ತು.

ಅವಳು ಮೊಬೈಲನ್ನು ನಾಗುವಿನ ಕಡೆ ತಿರುಗಿಸಿ ಹಿಡಿದಳು.

"ನೋಡೆ. ಇದು ನಾವೇ ಅಂದಿದ್ಯಲೆ. ಆತು, ಇನ್ನು ನೀ ಒಬ್ಳೇ."

ನಾಗು ಸೀರೆ ಹಿಡಿದುಕೊಂಡು ನಿಂತೇ ಇದ್ದಳು.