ಗುಬ್ಬಿ ಬೀಳದ ವಿಡಿಯೊ

ಕುರ್ಚಿಯ ಮೇಲೆ ಹತ್ತಿ ನಿಂತು ವಿಡಿಯೊ ತೋರಿಸಲು ಕಟ್ಟಿದ್ದ ಪರದೆಯ ಗಂಟು ಬಿಚ್ಚುತ್ತಿದ್ದವಳು ಸತ್ತವನ ಹೆಂಡತಿಯೇ. ಗಂಟು ಬಿಗಿಯಾಗಿತ್ತು. ಬೆರಳಿಗೆ ಬಗ್ಗದಿದ್ದಾಗ ಹಲ್ಲು ಹಾಕಿದಳು. ಕೆಳಗೆ ಅವಳ ಮೈದುನ ಎರಡೂ ಕೈಯಿಂದ ಕುರ್ಚಿ ಹಿಡಿದುಕೊಂಡು, ಸಭಾಂಗಣದಲ್ಲಿ ಕೂತಿದ್ದವರ ಕಡೆ ನೋಡಿ ಪೆಚ್ಚುನಗೆ ನಗುತ್ತಿದ್ದ.

“ಅತ್ತಿಗೆ, ಇಳೀರಿ. ಎಲ್ಲರೂ ನೋಡ್ತಿದಾರೆ.”

“ನೋಡ್ಲಿ. ನೋಡೋಕೇ ತಾನೆ ಬಂದಿರೋದು.”

“ಅಣ್ಣನ್ನ ನೋಡೋಕೆ ಬಂದಿದಾರೆ.”

“ನಿಮ್ಮಣ್ಣ ಅಲ್ಲಿದಾರಲ್ಲ, ಗಾಜಿನ ಪೆಟ್ಟಿಗೇಲಿ. ನೋಡ್ಕೊಂಡು ಹೋಗ್ಲಿ. ಅದಕ್ಕೆ ಪರದೆ ಯಾಕೆ?”

ಸತ್ತವನು ಕ್ಯಾಮೆರಾದವನು. ಒಂದು ಆಧುನಿಕ ನೃತ್ಯ ತಂಡದ ಪ್ರದರ್ಶನಗಳನ್ನೆಲ್ಲ ಚಿತ್ರೀಕರಿಸಿ, ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅವನ್ನು ಕತ್ತರಿಸಿ ಜೋಡಿಸಿ ವಿಡಿಯೊ ಮಾಡಿಕೊಡುವುದರಲ್ಲೇ ಅವನ ಆಯುಷ್ಯ ಕಳೆದಿತ್ತು. ತಂಡದವರು ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು, ಚಿಕ್ಕವರಿಗೆ ಕತ್ತರಿಯಣ್ಣ. ಹೆಂಡತಿ ಶಾಲೆಯಲ್ಲಿ ಗಣಿತ ಕಲಿಸುವವಳು, ಬೀದಿಗೆಲ್ಲ ಟೀಚರ್. ಅವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಶಾಲೆಗೆ ಶಾಲೆಯೇ ಬಲ್ಲದು. ಆದರೆ ಇವತ್ತಿನದು ಮೂಗಿನ ತುದಿಯದಲ್ಲ, ಹೊಟ್ಟೆಯೊಳಗಿನದು, ಹಳೆಯದು.

ಮುಂದಿನ ಸಾಲಿನಿಂದ ನಿರ್ದೇಶಕ ಎದ್ದು ಬಂದ. ತಂಡ ಕಟ್ಟಿದವನು, ನೃತ್ಯ ಸಂಯೋಜಿಸುವವನು ಅವನೇ. ಮಾತಾಡುವಾಗ ಎದುರಿದ್ದವರ ಕೈ ಹಿಡಿದುಕೊಳ್ಳುವುದು ಅವನ ಅಭ್ಯಾಸ. ಟೀಚರ್ ಮೇಲಿದ್ದುದರಿಂದ ಕೈ ಸಿಗಲಿಲ್ಲ. ಕುರ್ಚಿಯ ಬೆನ್ನನ್ನೇ ಹಿಡಿದುಕೊಂಡ.

“ಮೇಡಂ, ನಿಮ್ಮ ದುಃಖ ನಂಗೆ ಅರ್ಥ ಆಗುತ್ತೆ. ಇದು ಅವರ ಕೆಲಸಕ್ಕೆ ನಾವು ಕೊಡೋ ಮರ್ಯಾದೆ, ಅಷ್ಟೆ.”

“ಯಾವ್ದು ತೋರಿಸ್ತಿದೀರಿ?”

“ಇನ್ಯಾವ್ದು? ‘ನೀರು’. ಅದರ ಮುಂದೆ ಅವರ ಬೇರೆ ಕೆಲಸ ಎಲ್ಲಾ ಸಪ್ಪೆ.”

ಟೀಚರ್ ಗಂಟು ಬಿಟ್ಟು ಅವನ ಮುಖವನ್ನೇ ನೋಡಿದಳು. ಅಣಕಿಸುತ್ತಿದ್ದಾನೆಯೇ ಎಂದು ಹುಡುಕಿದಳು. ಇಲ್ಲ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

“ಅದರಲ್ಲಿ ಗುಬ್ಬಿ ಬಿದ್ದಳಲ್ಲ,” ಎಂದಳು.

“ಗುಬ್ಬಿ?” ನಿರ್ದೇಶಕ ಹಣೆ ಉಜ್ಜಿಕೊಂಡ. “ಓ, ಆ ಹುಡುಗಿ. ಮನೆ ಮೆಟ್ಟಿಲ ಮೇಲೆ ಜಾರಿ ಬಿದ್ದಳಲ್ವಾ, ಪಾಪ. ಈಗ ಹೇಗಿದಾಳೆ?”

ಸುಳ್ಳು ಹೇಳುತ್ತಿದ್ದರೆ ಕಪಾಳಕ್ಕೆ ಕೊಡಬಹುದಿತ್ತು. ಅವನು ಮರೆತೇಬಿಟ್ಟಿದ್ದ. ಆ ವಿಡಿಯೊವನ್ನು ಊರೂರಿಗೆ ಒಯ್ದು, ಕಂಡಕಂಡವರಿಗೆ ತೋರಿಸಿ, ತನ್ನ ಸುಳ್ಳನ್ನು ತಾನೇ ನಂಬಿ ಹಾಯಾಗಿದ್ದ. ಕುರ್ಚಿಯ ಮೇಲೆ ನಿಂತ ಟೀಚರಿಗೆ ಮೈಯೆಲ್ಲ ಉರಿದುಹೋಯಿತು.

*

‘ನೀರು’ ನೃತ್ಯದ ಕೊನೆಯ ದೃಶ್ಯಕ್ಕೆ ನಿಜವಾದ ನೀರೇ ಬೇಕೆಂದು ಹಠ ಹಿಡಿದವನು ನಿರ್ದೇಶಕ. ರಂಗದ ಮೇಲೆ ತೆಳ್ಳಗೆ ನೀರು ಹರಿಯಬೇಕು, ದೀಪದ ಬೆಳಕು ಅದರಲ್ಲಿ ಹೊಳೆಯಬೇಕು. ಜಾರುತ್ತದೆ ಎಂದು ಕುಣಿಯುವವರು ಹೇಳಿದರು. “ಜಾರೋ ಭಯ ಇರೋರು ಮನೇಲಿ ಕೂತು ಗುಂಡಿ ಹೊಲೀರಿ,” ಎಂದ. ನೀರು ಹರಿಸಿ ಒಂದು ತಾಲೀಮೂ ನಡೆಯಲಿಲ್ಲ. ವೇಷ, ದೀಪ ಎಲ್ಲ ಇಟ್ಟು ಒಣ ನೆಲದ ಮೇಲೆ ತಾಲೀಮು, ಒದ್ದೆ ನೆಲದ ಮೇಲೆ ಪ್ರದರ್ಶನ.

ಕೊನೆಗೆ ರಂಗದ ಮೇಲೆ ಉಳಿಯುವವಳು ಗುಬ್ಬಿಯೊಬ್ಬಳೇ. ತಂಡದಲ್ಲೆಲ್ಲ ಚಿಕ್ಕವಳು, ಹಗುರ ಮೈಯವಳು, ಅದಕ್ಕೇ ಆ ಹೆಸರು. ಅವಳು ಮೇಲಕ್ಕೆ ಹಾರಿ, ಗಾಳಿಯಲ್ಲೇ ಒಂದು ಸುತ್ತು ತಿರುಗಿ, ಇಳಿದು ನಿಂತರೆ ದೀಪ ಆರಬೇಕು. ಹಾರಿದಳು, ತಿರುಗಿದಳು. ಇಳಿದಾಗ ಎಡಗಾಲು ನೀರಿನ ಮೇಲೆ ತನ್ನ ಪಾಡಿಗೆ ತಾನು ಹೊರಟುಹೋಯಿತು. ಮಂಡಿ ತಿರುಚಿದ ಸದ್ದು ಮೊದಲ ಸಾಲಿಗೆ ಕೇಳಿಸಿರಬೇಕು. ದೀಪದವನು ಗಾಬರಿಯಲ್ಲಿ ದೀಪ ಆರಿಸಿದ. ಪ್ರೇಕ್ಷಕರು ಇದೂ ನೃತ್ಯವೇ ಇರಬೇಕೆಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕತ್ತಲಲ್ಲಿ ಗುಬ್ಬಿ ಅಮ್ಮಾ ಅಮ್ಮಾ ಎಂದು ಅಳುತ್ತಿದ್ದುದು ಆ ಚಪ್ಪಾಳೆಯಲ್ಲಿ ಮುಚ್ಚಿಹೋಯಿತು.

ವಾರ ಕಳೆದು ನಿರ್ದೇಶಕ ಮನೆಗೆ ಬಂದ. ದೊಡ್ಡ ಉತ್ಸವವೊಂದಕ್ಕೆ ವಿಡಿಯೊ ಕಳಿಸಬೇಕಿತ್ತು.

“ಆ ಬೀಳೋದೊಂದು ಬೇಡ,” ಎಂದ.

“ಅದನ್ನ ತೆಗೆದ್ರೆ ಕೊನೆಯೇ ಇರಲ್ವಲ್ಲ,” ಎಂದ ಕತ್ತರಿ.

“ತಾಲೀಮಿಂದು ಇದೆಯಲ್ಲ ನಿನ್ನ ಹತ್ರ. ಅದನ್ನ ಅಂಟಿಸು. ನೀನು ಕೂತ್ರೆ ಆಗದೇ ಇರೋದು ಯಾವ್ದಿದೆ?”

ಹೊಗಳಿದರೆ ಉಬ್ಬುವ ಜಾತಿಯವನು ಕತ್ತರಿ. ಕೋಣೆ ಸೇರಿದ. ಎರಡು ದಿನ ಊಟ ತಿಂಡಿಗೆ ಕರೆದರೆ ಹ್ಞೂ ಎನ್ನುವುದು, ಏಳದಿರುವುದು. ಮೂರನೆಯ ದಿನ ತಾನೇ ಬಂದು ಹೆಂಡತಿಯನ್ನು ಕೈಹಿಡಿದು ಎಳೆದುಕೊಂಡು ಹೋಗಿ ಕೂರಿಸಿದ.

“ಎಲ್ಲಿ ಕತ್ತರಿಸಿದೀನಿ ಹೇಳು ನೋಡೋಣ.”

ಅವಳು ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಗುಬ್ಬಿ ಹಾರಿದಳು, ತಿರುಗಿದಳು, ನಿಂತು ನಕ್ಕಳು, ಕತ್ತಲಾಯಿತು.

“ಗೊತ್ತೇ ಆಗಲ್ವಲ್ಲ ಕಣ್ರೀ!”

ಅವನು ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ವಿಡಿಯೊ ಒಪ್ಪಿಸಿದ ಮೇಲೆ ಮೂಲ ಚಿತ್ರೀಕರಣವನ್ನೆಲ್ಲ ಅಳಿಸಿ, ಮುಂದಿನ ಪ್ರದರ್ಶನಕ್ಕೆ ಡಿಸ್ಕ್ ಖಾಲಿ ಮಾಡಿಕೊಂಡ. ಯಾವಾಗಲೂ ಮಾಡುತ್ತಿದ್ದುದೇ ಅದು. ಜಾಗ ಬೇಕಿತ್ತು, ಅಳಿಸಿದ. ಅದರಲ್ಲಿ ಕಪಟವೇನೂ ಇರಲಿಲ್ಲ.

ಕಪಟ ಆಮೇಲೆ ಬಂತು. ಗುಬ್ಬಿಯ ಮಂಡಿ ಸರಿಹೋಗಲಿಲ್ಲ. ನಿಮ್ಮ ನೀರಿನಿಂದ ಹೀಗಾಯಿತು, ಚಿಕಿತ್ಸೆ ನೀವೇ ಮಾಡಿಸಿ ಎಂದು ಅವಳು ತಂಡದ ಸಮಿತಿಯ ಮುಂದೆ ನಿಂತಾಗ ನಿರ್ದೇಶಕ ಆ ವಿಡಿಯೊ ಹಾಕಿದ. “ಎಲ್ಲಿ ಬಿದ್ದಿದಾಳೆ, ನೀವೇ ತೋರಿಸಿ.” ಜೊತೆಯಲ್ಲಿ ಕುಣಿದವರು ತಾವು ಆಗಲೇ ಒಳಗೆ ಹೋಗಿದ್ದೆವು, ಕಾಣಲಿಲ್ಲ ಎಂದು ನೆಲ ನೋಡಿದರು. ಕಂಡಿತು ಎಂದವರಿಗೆ ತಂಡದಲ್ಲಿ ಜಾಗವಿರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಕತ್ತರಿಯನ್ನು ಕರೆದು ಕೇಳಿದರು.

“ನಾನು ಕ್ಯಾಮೆರಾ ನೋಡ್ತಿದ್ದೆ,” ಎಂದ ಅವನು. “ಅದರಲ್ಲಿ ಏನಿದೆಯೋ ಅಷ್ಟೇ.”

ಅಷ್ಟೇ. ಗುಬ್ಬಿ ಸುಳ್ಳಿಯಾದಳು.

*

ಟೀಚರ್ ಅವತ್ತು ಹಿಡಿದ ಸಿಟ್ಟನ್ನು ಬಿಡಲಿಲ್ಲ. “ಹೋಗಿ ನಿಜ ಹೇಳಿ ಬನ್ನಿ,” ಎಂದಳು. “ನಾಳೆ ಹೋಗ್ತೀನಿ ಕಣೆ,” ಎಂದ. ಆ ನಾಳೆ ವರ್ಷಗಟ್ಟಲೆ ಬಂತು, ಹೋಯಿತು. ಅವನೇನು ಕೆಟ್ಟವನಲ್ಲ. ಪಕ್ಕದ ಮನೆಯ ಮುದುಕಿಗೆ ಔಷಧ ತಂದುಕೊಡುವನು, ಮಳೆಯಲ್ಲಿ ನೆಂದ ನಾಯಿಗೆ ತನ್ನ ಟವೆಲ್ ಕೊಡುವನು. ನಿರ್ದೇಶಕನ ಎದುರು ಮಾತ್ರ ನಾಲಿಗೆ ಬಿದ್ದುಹೋಗುವುದು. ಅದನ್ನು ಕಂಡರೇ ಅವಳಿಗೆ ಇನ್ನಷ್ಟು ಸಿಟ್ಟು. ನೀವು ಹೇಳಿ ಬರುವವರೆಗೂ ಆ ಕೋಣೆಗೆ ಕಾಲಿಡುವುದಿಲ್ಲ ಎಂದಳು, ಇಡಲೂ ಇಲ್ಲ. ಹೊಸ್ತಿಲಾಚೆ ನಿಂತೇ ಊಟಕ್ಕೆ ಕರೆಯುವಳು, ಹೊಸ್ತಿಲಾಚೆ ನಿಂತೇ ಜಗಳ ಆಡುವಳು.

ಮೊನ್ನೆ ಮಧ್ಯಾಹ್ನವೂ ಹಾಗೇ. ಅವನು ಹೆಡ್‌ಫೋನ್ ಹಾಕಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಎದುರಿನ ತೆರೆಯ ಮೇಲೆ ಯಾರೋ ಕುಣಿಯುತ್ತಿದ್ದರು. ಕರೆದಳು. ತಿರುಗಲಿಲ್ಲ. ಇನ್ನೊಮ್ಮೆ ಕರೆದಳು.

“ಕಿವಿ ಮುಚ್ಕೊಂಡು ಕೂತ್ರೆ ಮುಗೀತಾ? ಆ ಹುಡುಗಿ ಕಾಲು ಸರಿಹೋಗುತ್ತಾ? ಹೇಡಿ ನೀವು! ಹೇಡಿ!”

ಅನ್ನ ಆರುವವರೆಗೂ ಬೈದಳು. ಆಮೇಲೆ, ಇದೇನು, ಇಷ್ಟು ಬೈದರೂ ಭುಜ ಕುಗ್ಗಲಿಲ್ಲವಲ್ಲ ಎಂದು ಅನುಮಾನ ಬಂದು ಹೊಸ್ತಿಲು ದಾಟಿದಳು. ಮುಟ್ಟಿದರೆ ತಣ್ಣಗಿದ್ದ. ಎಷ್ಟು ಹೊತ್ತಿನಿಂದ ಹೆಣಕ್ಕೆ ಬೈಯುತ್ತಿದ್ದೆನೋ ಎಂದು ಅವಳು ಅಲ್ಲೇ ಕುಸಿದಳು. ಅತ್ತಳು. ಅಳುತ್ತಲೇ ಅವನ ಬೆನ್ನಿಗೆ ಒಂದು ಗುದ್ದಿದಳು. ಉತ್ತರ ಕೊಡದೆ ತಪ್ಪಿಸಿಕೊಂಡಿದ್ದ.

*

“ಸ್ಮಶಾನಕ್ಕೆ ಒಯ್ಯೋ ವ್ಯಾನಿನೋನು ಗಡಿಯಾರ ನೋಡ್ತಿದಾನೆ ಅತ್ತಿಗೆ,” ಎಂದ ಮೈದುನ. “ಹಾಕಿ ಮುಗಿಸ್ಲಿ ಬಿಡಿ. ಹೋದೋರು ಹೋದ್ರು.”

“ಹೋದ್ರು, ಸರಿ. ಆ ಸುಳ್ಳಿಗೆ ಹೂವು ಹಾಕಿ ಕಳಿಸ್ಬೇಕಾ? ಇವತ್ತು ಇದನ್ನ ಹಾಕಿ ಎಲ್ಲರೂ ಕಣ್ಣೊರೆಸ್ಕೊಂಡ್ರೆ ಮುಗೀತು ಕಣೋ. ಆಮೇಲೆ ಗುಬ್ಬಿ ಬಿದ್ದೇ ಇಲ್ಲ.”

ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಗುಬ್ಬಿಯೇ. ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಔಷಧದಂಗಡಿಯಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದೆಯೆಂದು ಟೀಚರ್ ಕೇಳಿದ್ದಳು. ಮಡಚದ ಎಡಗಾಲನ್ನು ಎಳೆದುಕೊಂಡು ನಡುವಿನ ದಾರಿಯಲ್ಲಿ ಬಂದು, ಪೆಟ್ಟಿಗೆಯ ಪಕ್ಕ ನಿಂತು ಒಳಗೆ ನೋಡಿದಳು. ತಂಡದವರು ಒಬ್ಬೊಬ್ಬರೇ ತಲೆ ತಗ್ಗಿಸಿದರು. ಟೀಚರ್ ಕುರ್ಚಿಯಿಂದ ಇಳಿದು ಹೋದಳು.

“ಬೈಯೋಕೆ ಬಂದಿದ್ರೆ ಬೈ. ನಾನು ಅಡ್ಡ ಬರಲ್ಲ.”

“ಬೈಯೋಕೇ ಬಂದೆ ಅಕ್ಕ. ಬಸ್ಸಲ್ಲಿ ಕೂತು ಒಂದೊಂದೇ ಮಾತು ಜೋಡಿಸ್ಕೊಂಡು ಬಂದೆ. ಇಲ್ಲಿ ನೋಡಿದ್ರೆ ಕೇಳಿಸ್ಕೊಳ್ಳೋರೇ ಇಲ್ಲ.” ಪರದೆಯ ಕಡೆ ನೋಡಿದಳು. “ಏನು ಹಾಕ್ತಾರೆ?”

“‘ನೀರು’. ನಾನು ಬಿಡಲ್ಲ. ಇನ್ನೊಂದು ಗಂಟು ಉಳಿದಿದೆ ಅಷ್ಟೆ.”

ಗುಬ್ಬಿ ಕೋಲನ್ನು ಇನ್ನೊಂದು ಕೈಗೆ ಬದಲಿಸಿದಳು.

“ಹಾಕ್ಲಿ,” ಎಂದಳು. “ನಾನು ಅದನ್ನ ನೋಡೇ ಇಲ್ಲ. ಸಮಿತೀಲಿ ಹಾಕ್ದಾಗ ಕಣ್ಮುಚ್ಕೊಂಡಿದ್ದೆ. ನಾನು ಬೀಳದೇ ಇರೋದು ಹೆಂಗಿತ್ತು ಅಂತ ಇವತ್ತಾದ್ರೂ ನೋಡ್ತೀನಿ.”

ಟೀಚರಿಗೆ ಇಷ್ಟವಿರಲಿಲ್ಲ. ಆದರೆ ಆ ವಿಡಿಯೊ ಯಾರದು, ತನ್ನದೇ, ನಿರ್ದೇಶಕನದೇ? ಗುಬ್ಬಿಯದು. ಬಿಚ್ಚಿದ ಗಂಟನ್ನು ಮತ್ತೆ ಕಟ್ಟಲು ಮೈದುನನಿಗೆ ಹೇಳಿದಳು. ಅವನು ಕಿಟಕಿಗಳನ್ನು ಮುಚ್ಚಿದ. ತಂಡದ ಹುಡುಗಿಯೊಬ್ಬಳು ಲ್ಯಾಪ್‌ಟಾಪಿನಲ್ಲಿ ಒತ್ತಿದಳು.

ಚೆನ್ನಾಗಿತ್ತು. ಅದೇ ಟೀಚರಿಗೆ ಹೊಟ್ಟೆ ಉರಿಸಿತು. ನೀರಿನ ಮೇಲೆ ಬೆಳಕು ನಡುಗುತ್ತಿತ್ತು, ಕುಣಿಯುವವರ ಪಾದಗಳಿಂದ ಹನಿ ಚಿಮ್ಮುತ್ತಿತ್ತು, ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕುತ್ತಿದ್ದರು. ನಿರ್ದೇಶಕ ಕಣ್ಣು ಮುಚ್ಚಿ ಸಂಗೀತಕ್ಕೆ ತಲೆದೂಗುತ್ತಿದ್ದ. ಉಳಿದವರು ಒಳಗೆ ಸರಿದರು. ಗುಬ್ಬಿ ಒಬ್ಬಳೇ ಉಳಿದಳು. ಹಾರಿದಳು, ತಿರುಗಿದಳು, ನಿಂತು ನಕ್ಕಳು.

“ನಿಲ್ಸು,” ಎಂದಳು ಕೋಲು ಹಿಡಿದ ಗುಬ್ಬಿ.

ಪರದೆಯ ಮೇಲೆ ನಗುವ ಹುಡುಗಿ ಹಾಗೇ ನಿಂತಳು.

“ನನ್ನ ಕಾಲೆಲ್ಲಿ?”

ಯಾರಿಗೂ ತಿಳಿಯಲಿಲ್ಲ. ಆಮೇಲೆ ತಂಡದವರಿಗೆ ಒಬ್ಬೊಬ್ಬರಿಗಾಗಿ ತಿಳಿಯಿತು. ಪರದೆಯ ಮೇಲಿನ ಹುಡುಗಿ ಸೊಂಟದಿಂದ ಮೇಲಷ್ಟೇ ಇದ್ದಳು. ಕತ್ತರಿ ಎಂದೂ ಹಾಗೆ ತೋರಿಸಿದವನಲ್ಲ. ಮುಖ ಹತ್ತಿರದಿಂದ ಬೇಕೆಂದು ಕೇಳಿದವರಿಗೆಲ್ಲ “ಕಾಲು ಬಿಟ್ಟರೆ ಅದು ನೃತ್ಯ ಅಲ್ಲ, ಪಾಸ್‌ಪೋರ್ಟ್ ಫೋಟೊ,” ಎಂದು ರೇಗುತ್ತಿದ್ದ. ಆ ಬೈಗುಳ ತಿನ್ನದವರು ಆ ಸಭಾಂಗಣದಲ್ಲಿ ಯಾರೂ ಇರಲಿಲ್ಲ. ಒಣ ನೆಲ ಕಾಣಬಾರದೆಂದು ಜೀವಮಾನದಲ್ಲಿ ಒಂದೇ ಒಂದು ಸಲ ಅವನು ಚಿತ್ರವನ್ನು ದೊಡ್ಡದು ಮಾಡಿ ಪಾದ ಹೊರಗೆ ಬಿಟ್ಟಿದ್ದ.

“ಕೆಳಗೆ ನೀರಿಲ್ಲ, ಅದಕ್ಕೇ ಕಾಲಿಲ್ಲ,” ಎಂದಳು ಗುಬ್ಬಿ. “ಇದು ತಾಲೀಮಿಂದು.”

“ಸಾವಿನ ಹೊತ್ತಲ್ಲಿ ಇದೆಲ್ಲ ಏನು!” ನಿರ್ದೇಶಕ ಎದ್ದು ನಿಂತ. ಅವನ ಮುಖದ ಬಣ್ಣ ಹೋಗಿತ್ತು, ಈಗ ನೆನಪಾಗಿತ್ತು. “ಆಫ್ ಮಾಡಿ ಅದನ್ನ. ಆಫ್ ಮಾಡ್ರೀ!”

ಗೋಡೆಯ ಮೇಲಿನ ಪ್ರೊಜೆಕ್ಟರ್ ಸ್ವಿಚ್ಚಿನ ಹತ್ತಿರವಿದ್ದವನು ಮೈದುನ. ಜೀವನವಿಡೀ ಹೋಗಲಿ ಬಿಡಿ ಎಂದವನು. ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತುಬಿಟ್ಟ.

“ಆಗಲ್ಲ ಸಾರ್,” ಎಂದ. “ಕೂತ್ಕೊಳ್ಳಿ.”

ಗುಬ್ಬಿ ಕೋಲನ್ನು ಪಕ್ಕದ ಕುರ್ಚಿಗೆ ಒರಗಿಸಿ, ಪರದೆಯ ಮುಂದೆ, ಬೆಳಕು ಬೀಳುವಲ್ಲಿಗೆ ಕಾಲೆಳೆದುಕೊಂಡು ಹೋದಳು. ಚಪ್ಪಲಿ ಬಿಟ್ಟಳು.

“ಯಾರಿಗೂ ಕಾಣಿಸ್ಲಿಲ್ವಂತಲ್ಲ ಅವತ್ತು,” ಎಂದಳು ಜನರ ಕಡೆ ತಿರುಗಿ. “ಈಗ ನೋಡಿ.”

“ತಾಳು!” ಎಂದಳು ಟೀಚರ್.

ಎಲ್ಲರೂ ಅವಳು ತಡೆಯುತ್ತಾಳೆ ಎಂದುಕೊಂಡರು. ಟೀಚರ್ ಚೀಲದಿಂದ ಫೋನ್ ತೆಗೆದಳು. ಮದುವೆಯಾದಂದಿನಿಂದ ಕ್ಯಾಮೆರಾ ಮುಟ್ಟಿದವಳಲ್ಲ. ಎಲ್ಲಿ ಒತ್ತಬೇಕೆಂದು ಹುಡುಕಬೇಕಾಯಿತು. ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಗುಬ್ಬಿಯ ಮುಖ ಬಂತು, ಎದೆ ಬಂತು. ಒಂದು ಹೆಜ್ಜೆ ಹಿಂದೆ ಸರಿದಳು. ಸೊಂಟ ಬಂತು. ಮತ್ತೂ ಸರಿದಳು. ಕೆಟ್ಟುಹೋದ ಮಂಡಿ ಬಂತು. ಇನ್ನೂ ಸರಿಯಲು ಹೋದರೆ ಬೆನ್ನಿಗೆ ಪೆಟ್ಟಿಗೆ ತಗುಲಿತು.

“ಸರೀರಿ ಆಚೆ,” ಎಂದಳು ತಿರುಗಿಯೂ ನೋಡದೆ, ರೇಗಿ, ದಿನವೂ ಗಂಡನಿಗೆ ಅನ್ನುತ್ತಿದ್ದ ಹಾಗೆಯೇ. ಪೆಟ್ಟಿಗೆಗೆ ಇನ್ನಷ್ಟು ಒತ್ತಿ ನಿಂತು, ಫೋನನ್ನು ತಲೆಯ ಮೇಲಕ್ಕೆ ಎತ್ತಿದಳು. ಎರಡೂ ಪಾದ ಬಂದವು.

“ಹ್ಞೂ,” ಎಂದಳು. “ಈಗ ಬೀಳು.”